ಹೊರಗೆ ಗಟ್ಟಿ, ಒಳಗೆ ಬಳಲಿಕೆ
ತಾಯಂದಿರಿಗಾಗಿ ಆರೋಗ್ಯ ಮಾಹಿತಿ



ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತವರಲ್ಲಿ ಹೆಂಗಸರೇ ಹೆಚ್ಚು. ಆದರೆ ಅವರ ಕೈಯಲ್ಲಿರುವ ಫೈಲು ಬಹಳ ಸಲ ಅವರದಲ್ಲ. ಅತ್ತೆಯವರ ಸಕ್ಕರೆ ಕಾಯಿಲೆಯದು, ಮಾವನವರ ಕಣ್ಣಿನ ಪೊರೆಯದು, ಇಲ್ಲವೇ ಮಗುವಿನ ಕೆಮ್ಮಿನದು. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಊಟವಾದ ಮೇಲೆ ಎಂಬುದೆಲ್ಲ ಅವರಿಗೆ ಬಾಯಿಪಾಠ. "ನಿಮ್ಮ ಆರೋಗ್ಯ ಹೇಗಿದೆ?" ಎಂದರೆ ಮಾತ್ರ "ನನಗೇನಾಗಿದೆ ಸಿಸ್ಟರ್, ಸ್ವಲ್ಪ ಸುಸ್ತು ಅಷ್ಟೆ" ಎನ್ನುತ್ತಾರೆ. ಆ "ಸ್ವಲ್ಪ ಸುಸ್ತು" ತಿಂಗಳುಗಟ್ಟಲೆ ಬಿಡದೆ ಕಾಡುತ್ತಿದ್ದರೆ ಅದನ್ನು ಹೇಗೆ ಗುರುತಿಸಬೇಕು, ಏನು ಮಾಡಬೇಕು, ನಮ್ಮ ಶರಣರ ದಾರಿ ಅದಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನು ಇಲ್ಲಿ ತಿಳಿಸಲಾಗಿದೆ. ದಯವಿಟ್ಟು ಪೂರ್ತಿ ಓದಿ. ಓದಿದ ಮೇಲೆ ಮನೆಯವರಿಗೂ ಕೊಡಿ.

ಒಳಬಳಲಿಕೆ ಎಂದರೇನು?

ಒಂದು ದಿನ ಹೆಚ್ಚು ಕೆಲಸ ಮಾಡಿದರೆ ದಣಿವಾಗುವುದು ಸಹಜ. ರಾತ್ರಿ ಚೆನ್ನಾಗಿ ನಿದ್ರೆ ಮಾಡಿದರೆ ಅದು ಇಳಿಯುತ್ತದೆ. ಒಳಬಳಲಿಕೆ ಹಾಗಲ್ಲ. ಮಲಗಿ ಎದ್ದರೂ ಮೈ ಹಗುರವಾಗುವುದಿಲ್ಲ. ಕೆಲಸ ನಡೆಯುತ್ತಲೇ ಇರುತ್ತದೆ, ಅದರಲ್ಲಿ ಜೀವ ಇರುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಬರ್ನ್ ಔಟ್ ಎನ್ನುತ್ತಾರೆ. ಎಣ್ಣೆ ತೀರಿದ ಮೇಲೆ ದೀಪದಲ್ಲಿ ಬತ್ತಿಯೇ ಉರಿಯುವ ಹಾಗೆ.

ಈ ಹೆಸರನ್ನು 1974ರಲ್ಲಿ ವೈದ್ಯಕೀಯ ಬರಹಕ್ಕೆ ತಂದವರು ನ್ಯೂಯಾರ್ಕ್ ನಗರದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞರು. ಅವರು ಇದನ್ನು ಕಂಡದ್ದು ಬಡವರಿಗಾಗಿ ನಡೆಯುತ್ತಿದ್ದ ಒಂದು ಉಚಿತ ಚಿಕಿತ್ಸಾಲಯದಲ್ಲಿ. ಸೇವೆ ಮಾಡಲೆಂದೇ ಬಂದ ಶ್ರದ್ಧಾವಂತರು, ಯಾರಿಗೂ ಇಲ್ಲ ಎನ್ನದೆ ದುಡಿದವರು, ಕ್ರಮೇಣ ಒಳಗೇ ಬರಿದಾಗುತ್ತಿದ್ದರು. ಆದ್ದರಿಂದ ಇದು ಸೋಮಾರಿಗಳಿಗೆ ಬರುವ ತೊಂದರೆ ಎಂದು ಯಾರೂ ತಿಳಿಯಬಾರದು. ಹೆಚ್ಚು ಹೊಣೆ ಹೊರುವವರಿಗೇ ಇದು ಹೆಚ್ಚು ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿದ ತನ್ನ ಹೊಸ ರೋಗ ವರ್ಗೀಕರಣದಲ್ಲಿ ಇದನ್ನು ರೋಗವೆಂದು ಕರೆದಿಲ್ಲ. ಉದ್ಯೋಗದ ಒತ್ತಡವನ್ನು ಬಹಳ ಕಾಲ ಸರಿಯಾಗಿ ನಿಭಾಯಿಸಲಾಗದೆ ಬರುವ ಸ್ಥಿತಿ ಎಂದು ಹೇಳಿ, ಮೂರು ಗುರುತುಗಳನ್ನು ಕೊಟ್ಟಿದೆ. ಶಕ್ತಿಯೆಲ್ಲ ಬಸಿದು ಹೋದಂತಾಗುವುದು ಮೊದಲನೆಯದು. ಕೆಲಸದ ಮೇಲೆ ಬೇಸರ, ಕಹಿ ಬೆಳೆಯುವುದು ಎರಡನೆಯದು. ಎಷ್ಟು ಮಾಡಿದರೂ ಏನೂ ಸಾಧಿಸಿಲ್ಲ ಎನಿಸುವುದು ಮೂರನೆಯದು. ಆ ವಿವರಣೆ ಸಂಬಳದ ಕೆಲಸಕ್ಕೆ ಮಾತ್ರ ಸೇರಿದ್ದು. ಆದರೆ ಸಂಬಳವೂ ರಜೆಯೂ ಇಲ್ಲದ ಮನೆಯ ಕೆಲಸದಲ್ಲಿ ಈ ಮೂರೂ ಗುರುತುಗಳು ಕಾಣುತ್ತವೆ ಎಂಬುದು ನಿಮಗೇ ಗೊತ್ತು.

ಲಕ್ಷಣಗಳು

ಕೆಳಗಿನವುಗಳಲ್ಲಿ ಮೂರು-ನಾಲ್ಕು ಲಕ್ಷಣಗಳು ಹಲವು ವಾರಗಳಿಂದ ಇದ್ದರೆ ಗಮನ ಕೊಡಿ.

1. ಬೆಳಿಗ್ಗೆ ಏಳುವಾಗಲೇ ಸುಸ್ತು. ತಲೆಭಾರ, ಸೊಂಟ ನೋವು, ಕೈಕಾಲು ಸೋತಂತಾಗುವುದು.
2. ಮೈ ದಣಿದಿದ್ದರೂ ನಿದ್ರೆ ಬಾರದಿರುವುದು, ಅಥವಾ ನಡುರಾತ್ರಿ ಎಚ್ಚರವಾಗಿ ನಾಳೆಯ ಕೆಲಸ ಲೆಕ್ಕ ಹಾಕುವುದು.
3. ಸಣ್ಣ ಮಾತಿಗೂ ಸಿಟ್ಟು, ಆಮೇಲೆ ಮಕ್ಕಳನ್ನು ಬೈದೆನಲ್ಲಾ ಎಂದು ಅಳು.
4. ಹಬ್ಬ, ಮದುವೆ, ನೆಂಟರು ಎಂದರೆ ಸಂತೋಷಕ್ಕೆ ಮೊದಲು ಭಯವಾಗುವುದು.
5. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಹೇಳಿದ್ದನ್ನೇ ಮತ್ತೆ ಕೇಳುವುದು.
6. ಎಲ್ಲರ ಮುಂದೆ ನಗುತ್ತಾ ಇದ್ದು, ಬಚ್ಚಲುಮನೆಯಲ್ಲಿ ಒಬ್ಬರೇ ಅಳುವುದು.
7. ಪೂಜೆಗೆ ಕುಳಿತರೂ ಮನಸ್ಸು ಒಣಗಿದಂತಿರುವುದು, "ದೇವರಿಗೂ ನಾನು ಬೇಡವಾದೆನೇನೋ" ಎನಿಸುವುದು.

ಇಂಥ ತಾಯಿಯ ಮನೆ ಹೊರಗಿನಿಂದ ಅಚ್ಚುಕಟ್ಟಾಗಿಯೇ ಇರುತ್ತದೆ. ಮಕ್ಕಳ ಬುತ್ತಿ ತಪ್ಪುವುದಿಲ್ಲ, ಸಂಘದ ಕಂತು ತಪ್ಪುವುದಿಲ್ಲ. "ಅವಳು ಬಹಳ ಗಟ್ಟಿ" ಎಂದು ಊರೇ ಹೊಗಳುತ್ತದೆ. ಆ ಹೊಗಳಿಕೆಯ ಕಾರಣಕ್ಕೇ ಆಕೆಗೆ "ನನ್ನ ಕೈಲಿ ಆಗುತ್ತಿಲ್ಲ" ಎಂದು ಬಾಯಿಬಿಟ್ಟು ಹೇಳುವುದು ಕಷ್ಟವಾಗುತ್ತದೆ.

ಇದು ಏಕೆ ಬರುತ್ತದೆ?

ನಮ್ಮ ತಾಲ್ಲೂಕುಗಳ ತಾಯಂದಿರ ದಿನಚರಿಯನ್ನೇ ನೋಡಿ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಅಡುಗೆಯ ನಡುವೆಯೇ ಕಂಡಿಕೆ ಸುತ್ತಬೇಕು. ಗಾರ್ಮೆಂಟ್ಸ್‌ಗೆ ಹೋಗುವವರು ಬಸ್ಸು ಬರುವುದರೊಳಗೆ ಮನೆಯ ಎಲ್ಲರ ಊಟ ಮುಗಿಸಿಡಬೇಕು. ದೇವನಹಳ್ಳಿ, ವಿಜಯಪುರದ ಕಡೆ ರೇಷ್ಮೆ ಹುಳು ಸಾಕುವವರಿಗೆ ಕೊನೆಯ ವಾರದಲ್ಲಿ ಹಗಲು-ರಾತ್ರಿಯೆಂಬುದೇ ಇಲ್ಲ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅಲ್ಲಿ ಪಾಳಿಯ ಕೆಲಸಕ್ಕೆ ಹೋಗುವವರೂ ಇದ್ದಾರೆ. ಹೊಸಕೋಟೆಯ ಗೋದಾಮುಗಳು, ನೆಲಮಂಗಲ-ದಾಬಸ್‌ಪೇಟೆಯ ಕಾರ್ಖಾನೆಗಳು, ಅಂಗನವಾಡಿ, ಆಶಾ ಕೆಲಸ, ಶಾಲೆ, ಬೆಳಗು-ಸಂಜೆ ಡೈರಿಗೆ ಹಾಲು, ಹೀಗೆ ಹೊರಗಿನ ದುಡಿಮೆ ಬೇರೆ ಬೇರೆ. ಮನೆಯೊಳಗಿನ ದುಡಿಮೆ ಮಾತ್ರ ಎಲ್ಲರಿಗೂ ಒಂದೇ.

ಅದಕ್ಕೆ ಲೆಕ್ಕವೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಜನರ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ಹೆಣ್ಣುಮಕ್ಕಳಲ್ಲಿ ನೂರಕ್ಕೆ 81 ಮಂದಿ ತೊಡಗಿದ್ದರೆ, ಗಂಡಸರಲ್ಲಿ ತೊಡಗಿದವರು ನೂರಕ್ಕೆ 26 ಮಂದಿ ಮಾತ್ರ. ಹೀಗೆ ಕೆಲಸ ಮಾಡುವ ಮಹಿಳೆ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಸುಮಾರು 5 ಗಂಟೆ ಕೊಡುತ್ತಿದ್ದಳು. ಮನೆಗೆಲಸ ಮಾಡುವ ಪುರುಷ ಕೊಡುತ್ತಿದ್ದುದು 97 ನಿಮಿಷ. ಹೊರಗೆ 8 ಗಂಟೆ ದುಡಿದು ಬಂದವರಿಗೆ ಈ 5 ಗಂಟೆ ಸೇರಿದರೆ ನಿದ್ರೆಗೂ ಊಟಕ್ಕೂ ಉಳಿಯುವುದೆಷ್ಟು? ಜೊತೆಗೆ ಗ್ಯಾಸ್ ಯಾವಾಗ ಮುಗಿಯುತ್ತದೆ, ಶಾಲೆಯ ಫೀಸು ಯಾವಾಗ, ಅತ್ತೆಯವರ ಮಾತ್ರೆ ಎಷ್ಟು ಉಳಿದಿದೆ ಎಂಬ ಚಿಂತೆ ಯಾವ ಸಮೀಕ್ಷೆಯ ಲೆಕ್ಕಕ್ಕೂ ಸಿಗುವುದಿಲ್ಲ. ಕೈ ಬಿಡುವಾದರೂ ತಲೆಗೆ ಬಿಡುವಿಲ್ಲ.

ಮೊದಲು ದೇಹದ ಪರೀಕ್ಷೆ

ಸುಸ್ತನ್ನು ಮನಸ್ಸಿನದೇ ಎಂದು ಮೊದಲೇ ತೀರ್ಮಾನಿಸಬಾರದು. ವೈದ್ಯರು ಸಾಮಾನ್ಯವಾಗಿ ಈ ಕೆಳಗಿನವನ್ನು ನೋಡುತ್ತಾರೆ.

ರಕ್ತಹೀನತೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇರಬಾರದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ನಾಚಿಕೊಳ್ಳದೆ ಹೇಳಿ. ಕಬ್ಬಿಣದ ಮಾತ್ರೆಯನ್ನು ಕಾಫಿ-ಟೀ ಜೊತೆ ತೆಗೆದುಕೊಳ್ಳಬೇಡಿ. ನಿಂಬೆರಸ ಒಳ್ಳೆಯದು.

ಥೈರಾಯ್ಡ್: ಮೈ ತೂಕ ಏರುವುದು, ಚಳಿ ತಡೆಯದಿರುವುದು, ಕೂದಲು ಉದುರುವುದು, ಮಲಬದ್ಧತೆ, ಮುಟ್ಟಿನಲ್ಲಿ ಏರುಪೇರು ಇದ್ದರೆ ಈ ಪರೀಕ್ಷೆ ಬೇಕು. ಈ ತೊಂದರೆ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು.

ಬಿ-12 ಕೊರತೆ: ಸಸ್ಯಾಹಾರಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಸೊಪ್ಪು, ಕಾಳು, ತರಕಾರಿಗಳಿಂದ ಈ ಜೀವಸತ್ವ ಸಿಗುವುದಿಲ್ಲ. ಹಾಲು, ಮೊಸರಿನಿಂದ ಸಿಗುತ್ತದೆ. ಡೈರಿಗೆ ಹಾಲನ್ನೆಲ್ಲ ಹಾಕಿ, ಉಳಿದದ್ದನ್ನು ಮಕ್ಕಳಿಗೆ ಕೊಟ್ಟು, ತಾವು ಹಾಲಿಲ್ಲದ ಟೀ ಕುಡಿಯುವ ತಾಯಂದಿರು ಎಷ್ಟೋ ಜನ. ದಿನಕ್ಕೆ ಒಂದು ಲೋಟ ಹಾಲು ಅಥವಾ ಒಂದು ಬಟ್ಟಲು ಮೊಸರನ್ನು ನಿಮಗೆಂದು ಎತ್ತಿಡಿ.

ಇವುಗಳ ಜೊತೆಗೆ ಸಕ್ಕರೆ, ರಕ್ತದೊತ್ತಡದ ಪರೀಕ್ಷೆಯೂ ಆಗಲಿ. 45 ವರ್ಷದ ಆಸುಪಾಸಿನವರು ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳ ಬಗ್ಗೆ ವೈದ್ಯರನ್ನು ಕೇಳಿ.

ಎಲ್ಲ ವರದಿಗಳೂ ಸರಿಯಿದ್ದು ಸುಸ್ತು ಉಳಿದರೆ? ಆಗಲೂ ನಿಮ್ಮ ಸುಸ್ತು ಸುಳ್ಳಲ್ಲ. ಗೋವಾದಲ್ಲಿ ಸುಮಾರು 2,500 ಮಹಿಳೆಯರಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನೂರಕ್ಕೆ ಸುಮಾರು 12 ಮಂದಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಸುಸ್ತು ಇದೆ ಎಂದಿದ್ದರು. ಆ ಸುಸ್ತಿಗೂ ಹಿಮೋಗ್ಲೋಬಿನ್ ಪ್ರಮಾಣಕ್ಕೂ ಸಂಬಂಧ ಕಾಣಲಿಲ್ಲ. ಬಡತನ, ಹೆಣ್ಣೆಂಬ ಕಾರಣಕ್ಕೆ ಮನೆಯಲ್ಲಿ ಅನುಭವಿಸುವ ಕಷ್ಟ, ಮನಸ್ಸಿನ ನೋವು ಇವುಗಳೊಂದಿಗೆ ಸಂಬಂಧ ಕಂಡಿತು. ಹೇಳಿಕೊಳ್ಳಲಾಗದ ನೋವನ್ನು ಮೈ ಹೇಳುತ್ತದೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಬಳಲಿಕೆಯೋ, ಖಿನ್ನತೆಯೋ?

ಎರಡು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ಕಳೆದ ಎರಡು ವಾರಗಳಲ್ಲಿ ಹೆಚ್ಚಿನ ದಿನಗಳು ಮನಸ್ಸು ಕುಗ್ಗಿದಂತೆ, ದಾರಿಯೇ ಇಲ್ಲವೆಂಬಂತೆ ಇತ್ತೇ? ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲವಾಗಿದೆಯೇ? ಒಂದಕ್ಕಾದರೂ ಹೌದು ಎಂದರೆ ವೈದ್ಯರಿಗೆ ಹೇಳಲೇಬೇಕು. ಅದು ಖಿನ್ನತೆ ಇರಬಹುದು. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. ಹೆರಿಗೆಯಾದ ಮೊದಲ ವರ್ಷದಲ್ಲಿರುವ ತಾಯಂದಿರು ಇನ್ನೂ ಬೇಗ ತೋರಿಸಿಕೊಳ್ಳಬೇಕು.

ಆಯ್ದಕ್ಕಿ ಲಕ್ಕಮ್ಮನ ಅಳತೆ

"ಕಾಯಕ ಮಾಡುವುದೇ ಪೂಜೆ ಅಲ್ಲವೇ? ಸುಸ್ತು ಎಂದು ಕೂರುವುದು ತಪ್ಪಲ್ಲವೇ?" ಎಂದು ಬಹಳ ತಾಯಂದಿರು ಕೇಳುತ್ತಾರೆ. ಕಾಯಕವನ್ನು ಕೈಲಾಸಕ್ಕೆ ಸಮನೆಂದ ಶರಣರ ಮಾತು ನಮ್ಮೆಲ್ಲರ ಮನೆಯ ಗೋಡೆಯ ಮೇಲಿದೆ. ಆ ಶರಣರ ನಡುವೆಯೇ ಬಾಳಿದ ಒಬ್ಬ ತಾಯಿಯ ಕಥೆಯನ್ನು ಇಲ್ಲಿ ನೆನೆಯಬೇಕು.

12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ರಾಯಚೂರು ಸೀಮೆಯ ಅಮರೇಶ್ವರದಿಂದ ಪತಿ ಮಾರಯ್ಯನೊಡನೆ ಕಲ್ಯಾಣಕ್ಕೆ ಬಂದವಳು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಅನುಭವದ ಮಾತುಕತೆಯಲ್ಲಿ ಮೈಮರೆತಾಗ ಕಾಯಕಕ್ಕೆ ಹೊತ್ತಾಯಿತೆಂದು ಲಕ್ಕಮ್ಮನೇ ಎಚ್ಚರಿಸಿದಳು. ಆತ ಹೋಗಿ ಅಂದು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಇಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಈ ಕಥೆಯನ್ನು ಸಾಮಾನ್ಯವಾಗಿ ಅತಿಯಾಸೆ ಬೇಡ ಎಂದು ತಿಳಿಸಲು ಹೇಳುತ್ತಾರೆ. ತಾಯಂದಿರು ಇದರಲ್ಲಿ ಇನ್ನೊಂದು ಅಂಶವನ್ನೂ ನೋಡಬೇಕು. ಕಾಯಕ ತಪ್ಪಬಾರದು ಎಂದವಳೇ ಕಾಯಕಕ್ಕೆ ಅಳತೆಯೂ ಉಂಟು ಎಂದು ತೋರಿಸಿದಳು. ಆ ದಿನಕ್ಕೆ ಸಾಕಾದಷ್ಟು ಆದ ಮೇಲೆ ಸಾಕು ಎಂದಳು. ಅವಳ ಮನೆಯಲ್ಲಿ ಗಂಡ ಅಕ್ಕಿ ಆಯುತ್ತಿದ್ದ, ಹೆಂಡತಿ ದಾಸೋಹ ನಡೆಸುತ್ತಿದ್ದಳು. ಹೊರೆ ಒಬ್ಬರ ತಲೆಯ ಮೇಲಿರಲಿಲ್ಲ. ನಾವು ಲಕ್ಕಮ್ಮನ ನಿಷ್ಠೆಯನ್ನು ಮಾತ್ರ ನೆನಪಿಟ್ಟು ಅವಳ ಅಳತೆಯನ್ನು ಮರೆತಿದ್ದೇವೆ.

ರೇಷ್ಮೆ ಸಾಕುವವರಿಗೆ ಇದು ಬೇರೆಯದೇ ರೀತಿಯಲ್ಲಿ ಗೊತ್ತು. ಹುಳು ಬೆಳೆಯುವಾಗ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ತಲೆ ಎತ್ತಿ ಅಲುಗಾಡದೆ ಇರುತ್ತದೆ, ಸೊಪ್ಪು ತಿನ್ನುವುದಿಲ್ಲ. ಯಾವ ರೈತ ಮಹಿಳೆಯೂ ಅದನ್ನು ಸೋಮಾರಿ ಎನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಹಳೆಯ ಚರ್ಮ ಕಳಚಿ ಎದ್ದ ಮೇಲೆಯೇ ಸೊಪ್ಪು ಹಾಕುತ್ತಾಳೆ. ಹುಳುವಿಗೆ ಕೊಡುವ ಆ ಬಿಡುವನ್ನು ಆಕೆ ತನಗೂ ಕೊಟ್ಟುಕೊಳ್ಳಬೇಕು.

ನಂಬಿಕೆಯಿಂದ ಚೈತನ್ಯ: ನಾಲ್ಕು ದಾರಿ

1. ಪೂಜೆ ವಿಶ್ರಾಂತಿಯಾಗಲಿ. ಎಲ್ಲರ ಪೂಜೆಗೆ ಹೂವು, ವಿಭೂತಿ, ನೀರು ಸಿದ್ಧಮಾಡಿ, ತಮ್ಮ ಲಿಂಗಪೂಜೆಯನ್ನು ಎರಡು ನಿಮಿಷದಲ್ಲಿ ಮುಗಿಸುವುದು ರೂಢಿಯಾಗಿಬಿಟ್ಟಿದೆ. ದಿನಕ್ಕೆ ಹತ್ತು ನಿಮಿಷ ನಿಮ್ಮದಾಗಿರಲಿ. ಮೊಬೈಲ್ ಬೇರೆ ಕೋಣೆಯಲ್ಲಿಡಿ, ಬಾಗಿಲು ಮುಂದೆ ಮಾಡಿ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ದೃಷ್ಟಿ ನಿಲ್ಲಿಸಿ. ಉಸಿರನ್ನು ನಿಧಾನವಾಗಿ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ಉಸಿರಿನೊಂದಿಗೆ ಪಂಚಾಕ್ಷರಿ ಸಾಗಲಿ, ಎಣಿಸುವುದು ಬೇಡ. ಉಸಿರು ನಿಧಾನವಾದಂತೆ ಎದೆಬಡಿತವೂ ಶಾಂತವಾಗುತ್ತದೆ. ಮನಸ್ಸು ಓಡಿದರೆ ಬೇಸರ ಬೇಡ, ಮತ್ತೆ ಕರೆದು ತನ್ನಿ. ಶರಣರು ಸೂತಕವನ್ನು ಒಪ್ಪಲಿಲ್ಲ. ಆದ್ದರಿಂದ ಮುಟ್ಟಿನ ದಿನಗಳಲ್ಲೂ ಈ ಹತ್ತು ನಿಮಿಷ ನಿಮ್ಮದೇ. ಬೇರೆ ಮತದ ಸೋದರಿಯರು ತಮ್ಮ ನಮಾಜು, ಪ್ರಾರ್ಥನೆ, ಜಪದಲ್ಲಿ ಇದೇ ಸಮಾಧಾನವನ್ನು ಪಡೆಯಬಹುದು.

2. ಊಟ ಪ್ರಸಾದವೆಂದು ನೆನಪಿರಲಿ. ಪ್ರಸಾದವನ್ನು ನಾವು ನಿಂತುಕೊಂಡು, ಗಡಿಬಿಡಿಯಲ್ಲಿ, ತಂಗಳಾದ ಮೇಲೆ ಸ್ವೀಕರಿಸುವುದಿಲ್ಲ. ಮಠದ ದಾಸೋಹದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತೇವೆ. ಮನೆಯಲ್ಲೂ ದಿನಕ್ಕೊಂದು ಹೊತ್ತಾದರೂ ಎಲ್ಲರ ಜೊತೆ ಕುಳಿತು ಬಿಸಿಯಾಗಿ ಉಣ್ಣಿ. ಪಾತ್ರೆ ನಡುವಿನಲ್ಲಿಟ್ಟರೆ ಅವರವರೇ ಬಡಿಸಿಕೊಳ್ಳುತ್ತಾರೆ.

3. ಅಂದಂದಿನ ಅಳತೆ ಹಾಕಿಕೊಳ್ಳಿ. ಬೆಳಿಗ್ಗೆ ಮೂರು ಪಟ್ಟಿ ಮಾಡಿ: ಇಂದು ಆಗಲೇಬೇಕಾದದ್ದು, ನಾಳೆಗೆ ನಡೆಯುವುದು, ಬೇರೆಯವರು ಮಾಡಬಹುದಾದದ್ದು. ಮೂರನೆಯದನ್ನು ನಿಜವಾಗಿ ಬೇರೆಯವರಿಗೆ ಒಪ್ಪಿಸಿ. ಮಗ ಬಟ್ಟೆ ಮಡಿಸಿದ್ದು ನಿಮ್ಮಷ್ಟು ಚೆನ್ನಾಗಿಲ್ಲದಿದ್ದರೆ ಮತ್ತೆ ಮಡಿಸಲು ಹೋಗಬೇಡಿ. ರಾತ್ರಿ ಒಂದು ಹೊತ್ತು ಗೊತ್ತುಮಾಡಿ, ಆಮೇಲೆ ಕೆಲಸ ಮುಟ್ಟಬೇಡಿ. ಏಳು ಗಂಟೆ ನಿದ್ರೆ ದೇಹಕ್ಕೆ ಬೇಕೇ ಬೇಕು.

4. ಒಬ್ಬರೊಡನೆ ಮಾತಾಡಿ. ಅನುಭವ ಮಂಟಪದಲ್ಲಿ ಹೆಂಗಸರೂ ಕುಳಿತು ತಮ್ಮ ಅನುಭವ ಹೇಳಿದರು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ದೊರೆತಿವೆ. ಅವರಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆ ತನ್ನ ರಾಟೆಯನ್ನೇ ಮಾತಾಗಿಸಿದಳು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ "ಹೇಗಿದ್ದೀಯ ಅಕ್ಕ?" ಎಂದು ಒಬ್ಬರನ್ನೊಬ್ಬರು ಕೇಳಬಹುದು. ಕೇಳಿದವರು ಬುದ್ಧಿ ಹೇಳಬೇಕಿಲ್ಲ, ಹೊರಗೆ ಹರಡದಿದ್ದರೆ ಸಾಕು.

ಕೆಲವು ಪ್ರಶ್ನೆಗಳು

ಪ್ರಶ್ನೆ: ಪೂಜೆಯಲ್ಲಿ ಮನಸ್ಸೇ ನಿಲ್ಲುವುದಿಲ್ಲ. ಭಕ್ತಿ ಕಡಿಮೆಯಾಯಿತೇ?
ಉತ್ತರ: ಇಲ್ಲ. ಬಳಲಿದ ನಾಲಿಗೆಗೆ ಊಟ ರುಚಿಸದ ಹಾಗೆ ಬಳಲಿದ ಮನಸ್ಸಿಗೆ ಪೂಜೆಯೂ ರುಚಿಸುವುದಿಲ್ಲ. ಬಸವಣ್ಣನವರು ಸಹ ತಮ್ಮ ಮನಸ್ಸಿನ ಚಂಚಲತೆಯನ್ನು ವಚನಗಳಲ್ಲಿ ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಮೈ-ಮನಸ್ಸು ಸುಧಾರಿಸಿದಂತೆ ರುಚಿ ಮರಳುತ್ತದೆ.

ಪ್ರಶ್ನೆ: ದೇವರನ್ನು ನಂಬಿದವರು ಮನಸ್ಸಿಗೆ ಮಾತ್ರೆ ತೆಗೆದುಕೊಳ್ಳಬಹುದೇ?
ಉತ್ತರ: ಖಂಡಿತ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರ ಭಕ್ತಿಯನ್ನು ಯಾರೂ ಅನುಮಾನಿಸುವುದಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಹುಷಾರಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಪೂಜೆ, ಚಿಕಿತ್ಸೆ ಎರಡೂ ಜೊತೆಯಲ್ಲಿ ಸಾಗಲಿ.

ಪ್ರಶ್ನೆ: ನಾನು ಮಲಗಿದರೆ ಮನೆ ನಡೆಯುವುದು ಹೇಗೆ?
ಉತ್ತರ: ನೀವು ಹಾಸಿಗೆ ಹಿಡಿದರೆ ಅವರೇ ನಡೆಸಬೇಕಾಗುತ್ತದೆ. ಈಗಲೇ ಸ್ವಲ್ಪ ಸ್ವಲ್ಪ ಕಲಿಯಲಿ.

ಮನೆಯವರಿಗೆ ಒಂದು ಮಾತು

ಯಜಮಾನರೇ, ಅತ್ತೆಯವರೇ, ದೊಡ್ಡ ಮಕ್ಕಳೇ, ಮನೆಯ ಗಟ್ಟಿ ಹೆಂಗಸು ಇದ್ದಕ್ಕಿದ್ದಂತೆ ಮೌನವಾದರೆ, ಸಿಡುಕಿದರೆ, ಊಟ ಬಿಟ್ಟರೆ, "ಇವಳಿಗೆ ಕೊಬ್ಬು" ಎನ್ನಬೇಡಿ. ಅವರನ್ನು ಅವರ ಹೆಸರಿನ ಚೀಟಿ ಮಾಡಿಸಿ ಆಸ್ಪತ್ರೆಗೆ ಕರೆತನ್ನಿ. "ಏನು ಸಹಾಯ ಬೇಕು?" ಎಂದು ಕೇಳಿ ಸುಮ್ಮನಾಗದೆ ಒಂದು ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಿ. ರಾತ್ರಿಯ ಪಾತ್ರೆ, ಬೆಳಗಿನ ಹಾಲು, ಮಕ್ಕಳ ಶಾಲೆ, ಯಾವುದಾದರೂ ಸರಿ. ನೆನಪಿಸುವ ಕೆಲಸವೂ ಅವರ ಮೇಲೆ ಬೀಳದಿರಲಿ. ಕುಡಿತ ಅಥವಾ ಹೊಡೆತ ಇರುವ ಮನೆಯಲ್ಲಿ ವಿಶ್ರಾಂತಿಯಷ್ಟರಿಂದಲೇ ಪರಿಹಾರ ಸಿಗದು. ಅಂಥ ಸೋದರಿಯರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಕೂಡಲೇ ಸಹಾಯ ಪಡೆಯಬೇಕಾದ ಸಂದರ್ಭ

"ಬದುಕಿ ಏನು ಪ್ರಯೋಜನ", "ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು" ಎಂಬ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಹತ್ತಿರದವರೊಬ್ಬರಿಗೆ ಹೇಳಿ. ಮನೆಯವರು ಇಂಥ ಮಾತು ಕೇಳಿದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಬೆಳೆಗೆ ಹೊಡೆಯುವ ಔಷಧಿ ಮತ್ತು ಮಾತ್ರೆಗಳನ್ನು ಬೀಗ ಹಾಕಿಡಿ.

ಟೆಲಿ-ಮಾನಸ್ ಸಹಾಯವಾಣಿ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಸೇವೆ ಉಚಿತ, ಹಗಲು-ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ತುರ್ತು ಆಂಬುಲೆನ್ಸ್: 108. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಸಿಗುತ್ತಾರೆಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ತಾಯಂದಿರೇ, ದೇಹವನ್ನು ದೇವಾಲಯವೆಂದು ತಿಳಿದ ಪರಂಪರೆ ನಮ್ಮದು. ಊರ ಗುಡಿಯ ಗೋಡೆ ಬಿರುಕು ಬಿಟ್ಟರೆ ನಾವೇ ಮುಂದೆ ನಿಂತು ಜೀರ್ಣೋದ್ಧಾರ ಮಾಡಿಸುತ್ತೇವೆ. ನಿಮ್ಮ ದೇಹಕ್ಕೂ ಆ ಕಾಳಜಿ ಸಲ್ಲಬೇಕು. ಈ ವಾರ ಎರಡು ಕೆಲಸ ಮಾಡಿ: ನಿಮ್ಮ ಹೆಸರಿನಲ್ಲಿ ಒಂದು ಚೀಟಿ ಮಾಡಿಸಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಮತ್ತು ದಿನಕ್ಕೆ ಹತ್ತು ನಿಮಿಷ ಬಾಗಿಲು ಮುಂದೆ ಮಾಡಿ ಶಿವನ ಮುಂದೆ ಸುಮ್ಮನೆ ಕುಳಿತುಕೊಳ್ಳಿ.

 

– ಶುಶ್ರೂಷಾ ಬೋಧಕಿ